ಹಣ್ಣಿನ ತೋಟದಲ್ಲಿ ಮೋಹಕ ಬಲೆ: ಯಾವ ವಾಸನೆಗೆ ಯಾವ ಕೀಟ ಬರುತ್ತದೆ, ಬಂದದ್ದನ್ನು ಹೇಗೆ ಓದಬೇಕು

ವಾಸನೆಯ ವಸ್ತುವಿನಿಂದ (ಮೋಹಕದಿಂದ) ಕೀಟವನ್ನು ಸೆಳೆದು ಹಿಡಿಯುವ ಮೋಹಕ ಬಲೆಯನ್ನು ಮೊದಲ ಬಾರಿಗೆ ಕಟ್ಟಿದವರಿಗೆ ವಾರದೊಳಗೆ ಸಂತೋಷವೂ ತಿಂಗಳೊಳಗೆ ನಿರಾಶೆಯೂ ಆಗುವುದುಂಟು. ಬಾಟಲಿಯ ತಳದಲ್ಲಿ ನೂರಾರು ನೊಣಗಳು ಸತ್ತು ಬಿದ್ದಿರುತ್ತವೆ. ಆದರೂ ಕೊಯ್ದ ಹಣ್ಣನ್ನು ಕತ್ತರಿಸಿದರೆ ಒಳಗೆ ಹುಳು ಮಿಸುಕಾಡುತ್ತಿರುತ್ತದೆ. ಬಲೆ ಸರಿಯಿಲ್ಲವೆಂದೋ ಮದ್ದು ಕಲಬೆರಕೆಯದೆಂದೋ ಬೈದುಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಆ ವಾಸನೆಗೆ ಬಂದು ಬಿದ್ದದ್ದು ಗಂಡೋ, ಹೆಣ್ಣೋ? ಹಣ್ಣಿನೊಳಗೆ ಮೊಟ್ಟೆ ಚುಚ್ಚುವುದು ಹೆಣ್ಣು. ತೋಟಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮೋಹಕಗಳಿಗೆ ಬರುವುದು ಬಹುತೇಕ ಗಂಡು. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಬಲೆಯನ್ನು ಯಾವಾಗ ಕಟ್ಟಬೇಕು, ಎಷ್ಟು ಕಟ್ಟಬೇಕು, ಜೊತೆಗೆ ಇನ್ನೇನು ಮಾಡಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕುವುದು ಸುಲಭವಾಗುತ್ತದೆ.

ಮೊದಲು ಹಣ್ಣನ್ನು ಕತ್ತರಿಸಿ ನೋಡಿ

ಮೋಹಕವನ್ನು ಕೊಳ್ಳುವ ಮೊದಲು ಕೀಟ ಯಾವುದೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಒಂದು ಕೀಟವನ್ನು ಸೆಳೆಯುವ ವಾಸನೆ ಇನ್ನೊಂದಕ್ಕೆ ಏನೂ ಅಲ್ಲ. ಉದುರಿದ ಅಥವಾ ಮೆತ್ತಗಾದ ಐದಾರು ಹಣ್ಣುಗಳನ್ನು ಬೇರೆ ಬೇರೆ ಮರಗಳಿಂದ ಆರಿಸಿ ಕತ್ತರಿಸಿ. ಒಳಗಿರುವುದು ಕಾಲಿಲ್ಲದ, ಒಂದು ತುದಿ ಚೂಪಾದ, ಕೆನೆಬಣ್ಣದ ಹುಳುವಾಗಿದ್ದು, ತಟ್ಟೆಯ ಮೇಲೆ ಹಾಕಿದಾಗ ದೇಹವನ್ನು ಮಡಚಿ ಚಿಮ್ಮಿ ಹಾರಿದರೆ ಅದು ಹಣ್ಣಿನ ನೊಣದ ಮರಿ. ಕಂದು ತಲೆಯೂ ಸಣ್ಣ ಕಾಲುಗಳೂ ಇದ್ದು, ಸೇಬು ಅಥವಾ ಪೇರು (ಪಿಯರ್) ಹಣ್ಣಿನ ನಡುವಿನ ಬೀಜದವರೆಗೆ ಸುರಂಗ ಕೊರೆದು, ಹಿಕ್ಕೆಯನ್ನು ಹೊರಗೆ ತಳ್ಳಿದ್ದರೆ ಅದು ಕಾಡ್ಲಿಂಗ್ ಪತಂಗದ ಮರಿಹುಳು. ಮಾವಿನ ಓಟೆಯೊಳಗೆ ಕೂತ ಮೂತಿಹುಳುವಾದರೆ ಹಣ್ಣಿನ ನೊಣದ ಬಲೆಯಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಆ ಹುಳುವಿಗಾಗಿ, ಹಣ್ಣಿನ ನೊಣದ ಮೋಹಕವಾದ ಮಿಥೈಲ್ ಯುಜಿನಾಲ್ ಬಲೆ ಕಟ್ಟಿ ಕಾಯುವುದು ದುಡ್ಡಿಗೂ ದಂಡ, ಕಾಲಕ್ಕೂ ದಂಡ.

ಹಣ್ಣಿನ ನೊಣಗಳಲ್ಲಿಯೂ ಭೇದಗಳಿವೆ. ಮಾವು, ಸೀಬೆ ಮೊದಲಾದವನ್ನು ಕಾಡುವ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್, ಬ್ಯಾಕ್ಟ್ರೋಸೆರಾ ಜೊನಾಟಾ, ಬ್ಯಾಕ್ಟ್ರೋಸೆರಾ ಕರೆಕ್ಟಾ ಎಂಬ ಮೂರೂ ಮಿಥೈಲ್ ಯುಜಿನಾಲ್‌ಗೆ ಓಗೊಡುತ್ತವೆ. ಕಲ್ಲಂಗಡಿ, ಸೌತೆ, ಹಾಗಲಗಳ ನೊಣಕ್ಕೆ ಬೇಕಾದುದು ಕ್ಯೂ-ಲ್ಯೂರ್. ಮೆಡಿಟರೇನಿಯನ್ ಹಣ್ಣಿನ ನೊಣಕ್ಕೆ ಟ್ರೈಮೆಡ್‌ಲ್ಯೂರ್ ಎಂಬ ಮೂರನೆಯದೇ ವಸ್ತು. ಇನ್ನು ಚೆರ್ರಿ ಮತ್ತು ಸೇಬಿನ ರಾಗೊಲೆಟಿಸ್ ನೊಣಗಳಿಗೆ ಇಂಥ ಗಂಡುಮೋಹಕವೇ ಇಲ್ಲ; ಅವಕ್ಕೆ ಅಮೋನಿಯಾ ಸೂಸುವ ವಸ್ತುವಿನ ಜೊತೆಗೆ ಹಳದಿ ಅಂಟುಹಲಗೆಯನ್ನೋ ಕೆಂಪು ಅಂಟುಗೋಳವನ್ನೋ ಬಳಸುತ್ತಾರೆ.

ವಾಸನೆಗಳ ಜಾತಿ

ಬಳಕೆಯಲ್ಲಿರುವ ವಾಸನೆಗಳು ಒಂದೇ ಬಗೆಯವಲ್ಲ, ಮತ್ತು ಈ ವ್ಯತ್ಯಾಸವನ್ನು ತಿಳಿಯದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ. ಪತಂಗಗಳಲ್ಲಿ ಹೆಣ್ಣು ತನ್ನ ಜಾತಿಯ ಗಂಡನ್ನು ಕರೆಯಲು ಸೂಸುವ ಲಿಂಗಾಕರ್ಷಕ ವಸ್ತುವೇ ಫೆರೊಮೋನ್. ಜರ್ಮನಿಯ ರಸಾಯನವಿಜ್ಞಾನಿ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು 1959ರಲ್ಲಿ ಇಂಥ ಮೊದಲ ವಸ್ತುವನ್ನು ಬೇರ್ಪಡಿಸಿ ಗುರುತಿಸಿದ್ದು ರೇಷ್ಮೆ ಪತಂಗದಿಂದ. ಕೆಲವೇ ಮಿಲಿಗ್ರಾಂ ವಸ್ತುವಿಗಾಗಿ ಸುಮಾರು 5 ಲಕ್ಷ ಹೆಣ್ಣು ಪತಂಗಗಳು ಬೇಕಾದವು. ಕಾಡ್ಲಿಂಗ್ ಪತಂಗದ ಫೆರೊಮೋನ್ ಆದ ಕಾಡ್ಲೆಮೋನ್ 1971ರಲ್ಲಿ ಪತ್ತೆಯಾಯಿತು. ಇಂದು ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ, ಬೆರಳ ತುದಿಯಷ್ಟು ರಬ್ಬರ್ ಬಿರಡೆಗೆ 1 ಮಿಲಿಗ್ರಾಂನಷ್ಟು ಹೀರಿಸಿ ಮಾರುತ್ತಾರೆ. ಅದಕ್ಕೆ ಗಂಡು ಮಾತ್ರ ಬರುತ್ತದೆ.

ಮಿಥೈಲ್ ಯುಜಿನಾಲ್ ಹೆಣ್ಣು ನೊಣದ ವಾಸನೆಯಲ್ಲ, ಗಿಡಮರಗಳ ವಾಸನೆ. ತುಳಸಿಯ ಕೆಲವು ಬಗೆಗಳಲ್ಲಿ ಅದು ಹೇರಳವಾಗಿದೆ. ಬಲ್ಬೊಫಿಲಮ್ ಕುಲದ ಕೆಲವು ಸೀತಾಳೆ ಹೂಗಳು ಇದೇ ವಾಸನೆಯಿಂದ ಗಂಡು ನೊಣಗಳನ್ನು ಕರೆದು ಪರಾಗ ಸಾಗಿಸಿಕೊಳ್ಳುತ್ತವೆ. ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಹೌಲೆಟ್ ಅವರು, ಸೊಳ್ಳೆ ಓಡಿಸಲೆಂದು ಬಳಸಿದ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತುವುದನ್ನು ಕುರಿತು 1912ರಲ್ಲಿ ಬರೆದರು. ಅದರ ಬೆನ್ನು ಹಿಡಿದು 1915ರ ಹೊತ್ತಿಗೆ ಮಿಥೈಲ್ ಯುಜಿನಾಲ್‌ವರೆಗೆ ಬಂದರು. ಗಂಡು ನೊಣ ಈ ವಸ್ತುವನ್ನು ಮೂಸುವುದಷ್ಟೇ ಅಲ್ಲ, ಆಸೆಯಿಂದ ನೆಕ್ಕುತ್ತದೆ. ನೆಕ್ಕಿದ್ದನ್ನು ಒಳಗೆ ಮಾರ್ಪಡಿಸಿ ಗ್ರಂಥಿಯಲ್ಲಿ ಕೂಡಿಟ್ಟುಕೊಂಡು ಹೆಣ್ಣನ್ನು ಒಲಿಸಲು ಬಳಸುತ್ತದೆ. ಅದಕ್ಕಾಗಿಯೇ ಅದು ಬಹುದೂರದಿಂದ ಹುಡುಕಿಕೊಂಡು ಬರುತ್ತದೆ, ಅದಕ್ಕಾಗಿಯೇ ಹೆಣ್ಣು ಬರುವುದಿಲ್ಲ.

ಹೆಣ್ಣನ್ನು ಹಿಡಿಯಬೇಕಾದರೆ ಹಸಿವನ್ನು ಹಿಡಿಯಬೇಕು. ಕೋಶದಿಂದ ಹೊರಬಂದ ಹೆಣ್ಣು ನೊಣದ ಮೊಟ್ಟೆ ಬಲಿಯಲು ಪ್ರೊಟೀನ್ ಬೇಕು. ಆ ದಿನಗಳಲ್ಲಿ ಯೀಸ್ಟ್, ಪ್ರೊಟೀನ್ ಹೈಡ್ರೊಲೈಸೇಟ್ (ಒಡೆದು ಕರಗಿಸಿದ ಪ್ರೊಟೀನ್), ಅಮೋನಿಯಂ ಲವಣಗಳ ವಾಸನೆಗೆ ಅದು ಬರುತ್ತದೆ. ಈ ಸೆಳೆತ ಮಿಥೈಲ್ ಯುಜಿನಾಲ್‌ನಷ್ಟು ತೀವ್ರವೂ ಅಲ್ಲ, ಅಷ್ಟು ದೂರಕ್ಕೆ ಹಬ್ಬುವುದೂ ಇಲ್ಲ. ಹಾಗಾಗಿ ಪ್ರೊಟೀನ್ ಬಲೆಯಲ್ಲಿ ಬಿದ್ದ ಹತ್ತು ಹೆಣ್ಣುಗಳನ್ನು ಮೋಹಕ ಬಲೆಯ ಹತ್ತು ಗಂಡುಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅವು ಎಷ್ಟೋ ಹೆಚ್ಚು ಗಂಭೀರವಾದ ಸೂಚನೆ.

ತಾಳೆ ಜಾತಿಯ ಮರಗಳನ್ನು ಬೆಳೆದವರಿಗೆ ಒಂದು ಮಾತು: ಕೆಂಪು ಮೂತಿಹುಳು ಮತ್ತು ಕುರುವಾಯಿ ದುಂಬಿಗಳ ಮೋಹಕಗಳು ಗುಂಪು ಸೇರಿಸುವ ಫೆರೊಮೋನ್‌ಗಳು. ಅವಕ್ಕೆ ಗಂಡು ಹೆಣ್ಣು ಎರಡೂ ಬರುತ್ತವೆ. ಇದು ಅನುಕೂಲವೇ ಆದರೂ, ಬಂದ ಹುಳುಗಳೆಲ್ಲ ಬಕೆಟ್ಟಿನೊಳಕ್ಕೇ ಇಳಿಯುವುದಿಲ್ಲ. ಕೆಲವು ಪಕ್ಕದ ಮರದ ಮೇಲೆ ಕೂರುತ್ತವೆ. ಆದುದರಿಂದ ಎಳೆಯ ಮರಗಳ ನಡುವೆ ಈ ಬಲೆಯನ್ನು ಎಂದಿಗೂ ಇಡದೆ, ತೋಟದ ಅಂಚಿನಾಚೆ ಇಡಬೇಕು.

ಹಣ್ಣಿನ ನೊಣದ ಬಲೆಯನ್ನು ತಯಾರಿಸುವುದು

ಸಿದ್ಧ ಬಲೆಗಳು ದೊರೆಯುತ್ತವೆ. ಮನೆಯಲ್ಲಿ ಮಾಡಿಕೊಂಡವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. 1 ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಮೂರನೆಯ ಒಂದು ಭಾಗದಲ್ಲಿ, ಎದುರುಬದುರಾಗಿ ಸುಮಾರು 2 ಸೆಂಟಿಮೀಟರ್ ಅಗಲದ ನಾಲ್ಕು ತೂತುಗಳನ್ನು ಮಾಡಬೇಕು. ಮಳೆನೀರು ನಿಲ್ಲದಂತೆ ತಳದಲ್ಲಿ ಸೂಜಿಯಷ್ಟು ಸಣ್ಣ ಎರಡು ಮೂರು ರಂಧ್ರಗಳಿರಲಿ. ಮುಚ್ಚಳದ ನಡುವೆ ತಂತಿ ತೂರಿಸಿ, ಅದರ ಒಳತುದಿಗೆ ಮೋಹಕ ಹೀರಿದ ಮರದ ತುಂಡನ್ನು ತೂತುಗಳ ಮಟ್ಟದಲ್ಲಿ ನೇತಾಡುವಂತೆ ಕಟ್ಟಬೇಕು. ಹೊರತುದಿಯನ್ನು ಕೊಂಬೆಗೆ ಕಟ್ಟುವ ಮೊದಲು ತಂತಿಗೆ ನಾಲ್ಕು ಬೆರಳು ಉದ್ದಕ್ಕೆ ಗ್ರೀಸ್ ಬಳಿಯುವುದನ್ನು ಮರೆಯಬಾರದು. ಗ್ರೀಸ್ ಇಲ್ಲದಿದ್ದರೆ ಇರುವೆಗಳು ಸತ್ತ ನೊಣಗಳನ್ನು ರಾತ್ರೋರಾತ್ರಿ ಹೊತ್ತೊಯ್ಯುತ್ತವೆ, ಮತ್ತು ಬಲೆಗೆ ಏನೂ ಬೀಳಲಿಲ್ಲವೆಂದು ನಾವು ತಪ್ಪು ತಿಳಿಯುತ್ತೇವೆ.

ತುಂಡಿಗೆ ಪ್ಲೈವುಡ್ ಒಳ್ಳೆಯದು. 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 1.2 ಸೆಂಟಿಮೀಟರ್ ದಪ್ಪದ ಅಳತೆ ರೂಢಿಯಲ್ಲಿದೆ. ಈಥೈಲ್ ಆಲ್ಕೊಹಾಲ್ 6 ಭಾಗ, ಮಿಥೈಲ್ ಯುಜಿನಾಲ್ 4 ಭಾಗ, ಮೆಲಾಥಿಯಾನ್ 1 ಭಾಗ ಬೆರೆಸಿದ ದ್ರಾವಣದಲ್ಲಿ ತುಂಡುಗಳನ್ನು 48ರಿಂದ 72 ಗಂಟೆ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ ನೆನೆಸಿ ತೆಗೆಯಬೇಕು. ಆಲ್ಕೊಹಾಲ್ ಮೋಹಕವನ್ನು ಮರದ ಒಳಕ್ಕೆ ಒಯ್ಯುತ್ತದೆ. ನೆಕ್ಕಿದ ನೊಣ ಹಾರಿಹೋಗದೆ ಅಲ್ಲೇ ಬೀಳಲು ಮೆಲಾಥಿಯಾನ್ ಬೇಕು. ಕೀಟನಾಶಕ ಬೇಡವೆನ್ನುವವರು ಒಳಹೋದ ನೊಣ ಹೊರಬರಲಾರದಂಥ ಕೊಳವೆಬಾಯಿಯ ಬಲೆಯನ್ನೋ ಒಳಮೈಗೆ ಅಂಟು ಬಳಿದ ಬಲೆಯನ್ನೋ ಆರಿಸಿಕೊಳ್ಳಬಹುದು, ಆದರೆ ನೊಣ ಹೆಚ್ಚಾದ ವಾರಗಳಲ್ಲಿ ಅಂಟು ಬೇಗನೆ ತುಂಬಿಹೋಗುತ್ತದೆ.

ಈ ಕೆಲಸದಲ್ಲಿ ಕೈಗವಸು ಕಡ್ಡಾಯ. ಮೆಲಾಥಿಯಾನ್‌ನ ಅಪಾಯ ಎಲ್ಲರಿಗೂ ಗೊತ್ತು. ಮಿಥೈಲ್ ಯುಜಿನಾಲನ್ನು ಮಾತ್ರ ಸುಗಂಧದ ಎಣ್ಣೆಯೆಂದು ಹಗುರವಾಗಿ ಕಾಣುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ 2ಎ ಗುಂಪಿಗೆ ಸೇರಿಸಿದೆ. ಗಾಳಿಯಾಡುವ ಜಾಗದಲ್ಲಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ, ಬರಿಗೈ ತಾಗಿಸದೆ ಕೆಲಸ ಮುಗಿಸಿ. ಕೈಗವಸಿಗೆ ಇನ್ನೊಂದು ಕಾರಣವೂ ಉಂಟು: ಮಿಥೈಲ್ ಯುಜಿನಾಲ್ ಅಂಟಿದ ಬೆರಳಿನಿಂದ ಬಲೆಯ ಹೊರಮೈಯನ್ನು ಮುಟ್ಟಿದರೆ ನೊಣಗಳು ಒಳಗೆ ಹೋಗದೆ ಹೊರಗೇ ಕೂತು ನೆಕ್ಕುತ್ತವೆ, ಅದೇ ಬೆರಳಿನಿಂದ ಕ್ಯೂ-ಲ್ಯೂರನ್ನೋ ಪತಂಗದ ಬಿರಡೆಯನ್ನೋ ಮುಟ್ಟಿದರೆ ವಾಸನೆ ಬೆರೆತು ಎಣಿಕೆ ಕೆಡುತ್ತದೆ. ಬೇರೆ ಬೇರೆ ಮೋಹಕಗಳಿಗೆ ಬೇರೆ ಬೇರೆ ಕೈಗವಸು, ಬೇರೆ ಬೇರೆ ಬಲೆ, ಎರಡರ ನಡುವೆ ಕೆಲವು ಮರಗಳ ಅಂತರ ಇರಬೇಕು. ಬಳಸದೆ ಉಳಿದ ಬಿರಡೆಗಳನ್ನು ಅವುಗಳ ಲಕೋಟೆಯಲ್ಲೇ ಭದ್ರವಾಗಿ ಮುಚ್ಚಿ, ಆಹಾರವಿಡದ ಫ್ರಿಜ್‌ನಲ್ಲಿ ಇಡಬೇಕು.

ಎಲ್ಲಿ, ಎಷ್ಟು, ಯಾವಾಗ

ಹಣ್ಣಿನ ನೊಣದ ಬಲೆಯನ್ನು ನೆಲದಿಂದ ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ, ಮರದ ಹರವಿನೊಳಗೆ, ನೆರಳಿರುವ ಆದರೆ ಗಾಳಿ ಸುಳಿದಾಡುವ ಕಡೆ ಕಟ್ಟಬೇಕು. ನೇರ ಬಿಸಿಲಿಗೆ ಮೋಹಕ ಬೇಗ ಆವಿಯಾಗಿ ಮುಗಿಯುತ್ತದೆ. ದಟ್ಟ ಎಲೆಗಳ ನಡುವೆ ಹುದುಗಿಸಿದರೆ ವಾಸನೆ ಹೊರಗೆ ಹರಡುವುದಿಲ್ಲ. ಬಾಟಲಿಗೆ ಎಲೆ ತಾಗುತ್ತಿದ್ದರೆ ಅದೇ ಇರುವೆಗಳಿಗೆ ಸೇತುವೆಯಾಗುತ್ತದೆ, ಆದುದರಿಂದ ಸುತ್ತಲಿನ ಎರಡು ಮೂರು ಎಲೆಗಳನ್ನು ಚಿವುಟಿಹಾಕಬೇಕು. ಕಾಡ್ಲಿಂಗ್ ಪತಂಗದ ಬಲೆಗೆ ಈ ಎತ್ತರ ಸಾಲದು: ಪತಂಗಗಳು ಮುಸ್ಸಂಜೆಯಲ್ಲಿ ಮರದ ನೆತ್ತಿಯ ಸುತ್ತ ಹಾರಾಡುವುದರಿಂದ, ತ್ರಿಕೋನಾಕಾರದ ಅಂಟುಬಲೆಯನ್ನು ಮರದ ಮೇಲಿನ ಮೂರನೆಯ ಒಂದು ಭಾಗದಲ್ಲಿ ತೂಗುಹಾಕಬೇಕು.

ಸಂಖ್ಯೆ ನಮ್ಮ ಉದ್ದೇಶವನ್ನು ಅವಲಂಬಿಸಿದೆ. ಕೀಟ ಬಂದಿದೆಯೇ, ಏರುತ್ತಿದೆಯೇ ಎಂದು ತಿಳಿಯುವುದಷ್ಟೇ ಬೇಕಿದ್ದರೆ ಎಕರೆಗೆ ಒಂದೋ ಎರಡೋ ಬಲೆ ಸಾಕು. ಗಂಡು ನೊಣಗಳನ್ನು ಹಿಡಿದುಹಿಡಿದೇ ಸಂತತಿಯನ್ನು ತಗ್ಗಿಸಬೇಕಿದ್ದರೆ ಎಕರೆಗೆ 6ರಿಂದ 10 ಬಲೆಗಳನ್ನು, ತೋಟದ ಉದ್ದಗಲಕ್ಕೂ ಸಮನಾಗಿ ಹಂಚಿ ಕಟ್ಟಬೇಕು. ಇಲ್ಲಿ ಲೆಕ್ಕ ಕಠಿಣವಾಗಿದೆ. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಆದುದರಿಂದ ಗಂಡುಗಳಲ್ಲಿ ಅರ್ಧವನ್ನು ಹಿಡಿದರೆ ಮೊಟ್ಟೆ ಅರ್ಧಕ್ಕೆ ಇಳಿಯುವುದಿಲ್ಲ, ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ. ಹೆಚ್ಚಿನ ಹೆಣ್ಣುಗಳಿಗೆ ಜೋಡಿಯೇ ಸಿಗದಷ್ಟು ಗಂಡುಗಳು ಅಳಿಯಬೇಕು. 1960ರ ದಶಕದ ಆರಂಭದಲ್ಲಿ ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ ಮಿಥೈಲ್ ಯುಜಿನಾಲ್ ಮತ್ತು ಕೀಟನಾಶಕ ಹೀರಿಸಿದ ಚೌಕಗಳನ್ನು ವಿಮಾನದಿಂದ ಮತ್ತೆ ಮತ್ತೆ ಉದುರಿಸಿ ಈ ನೊಣವನ್ನು ಪೂರ್ತಿಯಾಗಿ ಅಳಿಸಿದ್ದುಂಟು. ಆದರೆ ಅದು ಸುತ್ತ ಸಮುದ್ರವಿದ್ದ ಸಣ್ಣ ದ್ವೀಪ. ಬೇಲಿಯಾಚೆ ಇನ್ನೊಂದು ತೋಟವಿರುವಲ್ಲಿ, ಅಲ್ಲಿ ಕೂಡಿಬಂದ ಹೆಣ್ಣು ನಮ್ಮ ಹಣ್ಣಿಗೆ ಮೊಟ್ಟೆಯಿಡುವುದನ್ನು ನಮ್ಮ ಬಲೆ ತಡೆಯಲಾರದು. ಒತ್ತಿಗಿರುವ ತೋಟದವರೆಲ್ಲ ಒಂದೇ ವಾರದಲ್ಲಿ ಬಲೆ ಕಟ್ಟಿದರೆ ಸಿಗುವ ಫಲ, ಒಬ್ಬರೇ ಎರಡು ಪಟ್ಟು ಬಲೆ ಕಟ್ಟಿದರೆ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಯದ ವಿಷಯದಲ್ಲಿ ಆಗುವ ತಪ್ಪು ಒಂದೇ, ತಡಮಾಡುವುದು. ಹಣ್ಣು ಬಣ್ಣ ತಿರುಗಿದ ಮೇಲೆ ಕಟ್ಟಿದ ಬಲೆಗೆ ಬರುವ ಗಂಡುಗಳಲ್ಲಿ ಅನೇಕವು ಈಗಾಗಲೇ ಕೂಡಿ ಮುಗಿಸಿರುತ್ತವೆ. ಮಣ್ಣಿನಲ್ಲಿನ ಕೋಶದಿಂದ ಹೊರಬಂದ ನೊಣ ಬಲಿತು ಮೊಟ್ಟೆಯಿಡಲು ಒಂದೆರಡು ವಾರ ಬೇಕಾಗುವುದರಿಂದ, ಆ ಅವಧಿಗಿಂತ ಮುಂಚೆಯೇ ಬಲೆ ಸಿದ್ಧವಿರಬೇಕು. ಕೊಯ್ಲಿಗೆ 45ರಿಂದ 60 ದಿನ ಮೊದಲು ಕಟ್ಟುವುದು ಒಳ್ಳೆಯ ರೂಢಿ. ನೆನೆಸಿದ ತುಂಡು ಆರರಿಂದ ಎಂಟು ವಾರ ಬಾಳುತ್ತದೆ, ಸೆಖೆಯೂ ಗಾಳಿಯೂ ಜೋರಾಗಿದ್ದರೆ ಇನ್ನೂ ಬೇಗ ಬದಲಿಸಬೇಕು. ಪತಂಗದ ಸಾಮಾನ್ಯ ರಬ್ಬರ್ ಬಿರಡೆಯ ಆಯುಸ್ಸು ಮೂರು ನಾಲ್ಕು ವಾರ.

ಎಣಿಕೆ ಮತ್ತು ಅದರ ಅರ್ಥ

ವಾರಕ್ಕೊಮ್ಮೆ, ಸಾಧ್ಯವಾದರೆ ಒಂದೇ ದಿನ, ಪ್ರತಿಯೊಂದು ಬಲೆಯನ್ನೂ ಇಳಿಸಿ ಎಣಿಸಿ, ಖಾಲಿ ಮಾಡಿ ಮತ್ತೆ ಕಟ್ಟಬೇಕು. ಒಟ್ಟು ನೊಣಗಳ ಸಂಖ್ಯೆಯನ್ನು ಬಲೆಗಳ ಸಂಖ್ಯೆಯಿಂದಲೂ ದಿನಗಳ ಸಂಖ್ಯೆಯಿಂದಲೂ ಭಾಗಿಸಿದರೆ ಒಂದು ಬಲೆಗೆ ಒಂದು ದಿನಕ್ಕೆ ಬಿದ್ದ ನೊಣಗಳ ಲೆಕ್ಕ ಸಿಗುತ್ತದೆ: 8 ಬಲೆಗಳಲ್ಲಿ 7 ದಿನಕ್ಕೆ 336 ನೊಣ ಬಿದ್ದಿದ್ದರೆ ಅದು 6. ಎಣಿಸುವ ದಿನ ಹಿಂದುಮುಂದಾದರೂ, ಒಂದು ಬಲೆ ಗಾಳಿಗೆ ಕಳಚಿ ಬಿದ್ದಿದ್ದರೂ, ಈ ಅಂಕಿಯನ್ನು ಹಿಂದಿನ ವಾರದ ಅಂಕಿಯೊಡನೆ ಹೋಲಿಸಬಹುದು. ಒಂದು ವಾರದ ಅಂಕಿ ಏನನ್ನೂ ಹೇಳದು. ಎರಡು ಮೂರು ವಾರಗಳ ಏರಿಳಿತವೇ ಮಾತಾಡುವುದು. ಬಲೆವಾರು ಅಂಕಿಯನ್ನೂ ಬರೆದಿಡಬೇಕು, ಏಕೆಂದರೆ ಪ್ರತಿವಾರವೂ ಒಂದೇ ಮೂಲೆಯ ಬಲೆ ತುಂಬುತ್ತಿದ್ದರೆ ಆ ಮೂಲೆಯಲ್ಲಿ ಕೊಳೆತ ಹಣ್ಣಿನ ರಾಶಿಯೋ ಯಾರೂ ಕೊಯ್ಯದ ಮರವೋ ಇರುವ ಸಂಭವ ಹೆಚ್ಚು.

ಅಂಕಿ ಇಳಿದಾಗ ಹಿಗ್ಗುವ ಮುನ್ನ ಮೋಹಕ ಒಣಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಬಲೆಯಿಂದ ಸ್ವಲ್ಪ ದೂರದಲ್ಲಿ ಹೊಸ ತುಂಡಿನ ಬಲೆಯೊಂದನ್ನು ಎರಡು ದಿನ ಕಟ್ಟಿ ನೋಡಿದರೆ ಸಾಕು: ಹೊಸದಕ್ಕೆ ಮಾತ್ರ ನೊಣ ಮುತ್ತಿದರೆ ಇಳಿದದ್ದು ನೊಣವಲ್ಲ, ವಾಸನೆ. ಸತತ ಮಳೆ ಮತ್ತು ಚಳಿಯಲ್ಲಿ ನೊಣ ಹಾರಾಡದಿರುವುದರಿಂದಲೂ ಅಂಕಿ ಇಳಿಯುತ್ತದೆ.

ಕಾಡ್ಲಿಂಗ್ ಪತಂಗದ ಎಣಿಕೆ ಇನ್ನೊಂದು ದೊಡ್ಡ ಉಪಕಾರ ಮಾಡುತ್ತದೆ, ಮದ್ದು ಹೊಡೆಯುವ ದಿನವನ್ನು ಹೇಳುತ್ತದೆ. ಹೂ ಅರಳುವ ಮೊದಲೇ ಬಲೆ ಕಟ್ಟಿ, ಪತಂಗಗಳು ಬಿಡದೆ ಬೀಳತೊಡಗಿದ ಮೊದಲ ದಿನವನ್ನು ಗುರುತಿಸಿಕೊಳ್ಳಬೇಕು. ಅಂದಿನಿಂದ ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳನ್ನು ಕೂಡಿ ಅರ್ಧಮಾಡಿ, ಅದರಿಂದ 10 ಕಳೆದು, ಉಳಿದುದನ್ನು ಕೂಡಿಸುತ್ತ ಹೋಗಬೇಕು. ಹಗಲು 26 ಡಿಗ್ರಿ, ರಾತ್ರಿ 14 ಡಿಗ್ರಿ ಇದ್ದರೆ ಸರಾಸರಿ 20. 10 ಕಳೆದರೆ ಆ ದಿನದ ಗಳಿಕೆ 10. ಹೀಗೆ ಕೂಡಿದ ಮೊತ್ತ ಸುಮಾರು 140 ತಲುಪಿದಾಗ ಮೊಟ್ಟೆಗಳು ಒಡೆಯತೊಡಗುತ್ತವೆ. ಅಂಥದೇ ದಿನಗಳು ಮುಂದುವರಿದರೆ ಅದು 14ನೆಯ ದಿನ. ಮರಿಹುಳು ಹಣ್ಣಿನೊಳಕ್ಕೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟದು, ಹೊಕ್ಕುವ ಮುನ್ನ ಸಿಗುವ ಕೆಲವೇ ಗಂಟೆಗಳಿಗಾಗಿಯೇ ಇಷ್ಟೆಲ್ಲ ಲೆಕ್ಕ. ಉಷ್ಣಾಂಶ 31 ಡಿಗ್ರಿ ಮೀರುವ ದಿನಗಳಲ್ಲಿ ಕೀಟದ ಬೆಳವಣಿಗೆ ಅದೇ ವೇಗದಲ್ಲಿ ಏರದಿರುವುದರಿಂದ ಈ ಸರಳ ಲೆಕ್ಕ ತುಸು ತಪ್ಪುತ್ತದೆ.

ಕೆಲವರು ಇದೇ ಫೆರೊಮೋನನ್ನು ನೂರಾರು ಕೊಳವೆಗಳಲ್ಲಿ ತುಂಬಿ ತೋಟದ ತುಂಬ ತೂಗುಹಾಕಿ, ಗಂಡು ಪತಂಗಕ್ಕೆ ಹೆಣ್ಣಿನ ಜಾಡೇ ಸಿಗದಂತೆ ಮಾಡುತ್ತಾರೆ. ಅಂಥ ತೋಟದಲ್ಲಿ ಸಾಮಾನ್ಯ ಬಿರಡೆಯ ಬಲೆ ಖಾಲಿ ಇರುವುದು ಸಹಜ. ಗಂಡಿಗೆ ಹೆಣ್ಣು ಸಿಗದಂತೆ ಬಲೆಯೂ ಸಿಗುವುದಿಲ್ಲ. ಅಲ್ಲಿ ಹತ್ತು ಪಟ್ಟು ಪ್ರಬಲವಾದ ಬಿರಡೆಯನ್ನೋ, ಹೆಣ್ಣು ಪತಂಗವನ್ನೂ ಸೆಳೆಯುವ ಪೇರು ಹಣ್ಣಿನ ವಾಸನೆಯ ಎಸ್ಟರ್ ಎಂಬ ರಾಸಾಯನಿಕ ಬೆರೆತ ಬಿರಡೆಯನ್ನೋ ಬಳಸಬೇಕು. ಅಂಟುಹಾಳೆಯ ಮೇಲೆ ರೆಕ್ಕೆಯ ಪುಡಿ, ಧೂಳು ಮೆತ್ತಿಕೊಂಡರೆ ಪತಂಗ ಕೂತು ಎದ್ದುಹೋಗುತ್ತದೆ, ಆಗ ಹಾಳೆ ಬದಲಿಸಿ. ಬಿಳಿ ಮತ್ತು ಹಳದಿ ಬಲೆಗಳಿಗೆ ಜೇನುನೊಣ ಹೆಚ್ಚು ಬೀಳುವುದರಿಂದ ಹೂವಿನ ಕಾಲಕ್ಕೆ ಹಸಿರು ಅಥವಾ ಕಿತ್ತಳೆ ಬಣ್ಣದ ಬಲೆ ಮೇಲು.

ಹೆಣ್ಣಿಗಾಗಿ ಮಾಡಬೇಕಾದುದು

ಗಂಡು ನೊಣಗಳ ಅಂಕಿ ಏರತೊಡಗಿದೊಡನೆ ಹೆಣ್ಣಿನ ಕಡೆಗೆ ತಿರುಗಬೇಕು. ತಳದಲ್ಲಿ ದ್ವಾರವಿರುವ ಮೆಕ್‌ಫೇಲ್ ಬಲೆಯಲ್ಲಿ ಟೊರುಲಾ ಯೀಸ್ಟ್ ಮತ್ತು ಬೋರ್ಯಾಕ್ಸ್ ಗುಳಿಗೆಗಳನ್ನು ನೀರಿನಲ್ಲಿ ಕರಗಿಸಿ ಇಟ್ಟರೆ ನೊಣ ವಾಸನೆಗೆ ಒಳಬಂದು ನೀರಿನಲ್ಲಿ ಮುಳುಗುತ್ತದೆ. ಬೋರ್ಯಾಕ್ಸ್ ಇರುವುದರಿಂದ ಬಿದ್ದ ನೊಣಗಳು ಬೇಗ ಕೊಳೆಯುವುದಿಲ್ಲ. ವಾರಕ್ಕೋ ಎರಡು ವಾರಕ್ಕೋ ದ್ರಾವಣವನ್ನು ಬದಲಿಸಬೇಕು, ಹಳೆಯದನ್ನು ಬಲೆಯ ಬುಡದಲ್ಲೇ ಚೆಲ್ಲಬಾರದು, ಚೆಲ್ಲಿದರೆ ನೊಣ ನೆಲಕ್ಕೇ ಮುತ್ತುತ್ತದೆ. ಈ ಬಲೆಗೆ ಉಪಕಾರಿ ಕೀಟಗಳೂ ಬೀಳುತ್ತವೆ, ಹಾಗಾಗಿ ಅಗತ್ಯವಿಲ್ಲದ ದಿನಗಳಲ್ಲಿ ಇಳಿಸಿಡುವುದೇ ವಾಸಿ. ಬಲೆಗೆ ಬದಲಾಗಿ ಪ್ರೊಟೀನ್‌ಗೆ ಸ್ಪಿನೋಸ್ಯಾಡ್‌ನಂಥ ಕೀಟನಾಶಕ ಬೆರೆತ ತಿನಿಸುಮದ್ದನ್ನು, ಹಣ್ಣಿಗೆ ತಾಗದಂತೆ, ಪ್ರತಿ ಮರದ ಎಲೆಗಳ ಒಂದು ಸಣ್ಣ ಭಾಗಕ್ಕೆ ಮಾತ್ರ ದಪ್ಪ ಹನಿಗಳಲ್ಲಿ ಹಾಕುವ ಕ್ರಮವೂ ಇದೆ.

ಇದಕ್ಕಿಂತಲೂ ಮುಖ್ಯವಾದುದು ಉದುರಿದ ಹಣ್ಣು. ಒಂದು ಹೆಣ್ಣು ನೊಣ ತನ್ನ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ಹುಳು ಬಲಿತೊಡನೆ ಹಣ್ಣಿನಿಂದ ಜಿಗಿದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಮರದ ಮೇಲೆ ಬಲೆ ಕಟ್ಟಿ ಬುಡದಲ್ಲಿ ಕೊಳೆತ ಹಣ್ಣು ಬಿಟ್ಟರೆ, ಒಂದು ಕಡೆ ಹಿಡಿಯುತ್ತ ಇನ್ನೊಂದು ಕಡೆ ಸಾಕಿದಂತೆ. ಎರಡು ಮೂರು ದಿನಕ್ಕೊಮ್ಮೆ ಉದುರಿದ್ದನ್ನೆಲ್ಲ ಆರಿಸಿ, ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಕೆಲವು ದಿನ ಬಿಸಿಲಿನಲ್ಲಿ ಬೇಯಿಸಬೇಕು, ಇಲ್ಲವೇ ಅರ್ಧ ಮೀಟರಿಗಿಂತ ಆಳವಾಗಿ ಹೂಳಬೇಕು. ಮೇಲುಮೇಲೆ ಮಣ್ಣು ಮುಚ್ಚಿದರೆ ನೊಣ ಸಲೀಸಾಗಿ ಹೊರಬರುತ್ತದೆ.

ಕೊನೆಯ ಹಣ್ಣು ಕೊಯ್ದ ದಿನವೇ ಬಲೆಗಳನ್ನು ಇಳಿಸಬೇಡಿ. ಮಣ್ಣಿನಲ್ಲಿ ಉಳಿದ ಕೋಶಗಳಿಂದ ಇನ್ನೂ ಕೆಲವು ವಾರ ನೊಣಗಳು ಹೊರಬರುತ್ತಲೇ ಇರುತ್ತವೆ, ತಿನ್ನಲು ಹಣ್ಣಿಲ್ಲದೆ ಅಕ್ಕಪಕ್ಕದ ಬೆಳೆಗಳಿಗೆ ಹೋಗುತ್ತವೆ. ಅಂಕಿ ಸತತ ಮೂರು ವಾರ ತಳ ಮುಟ್ಟಿದ ಮೇಲೆ ಬಲೆಗಳನ್ನು ಇಳಿಸಿ, ಹಳೆಯ ತುಂಡುಗಳನ್ನೂ ಬಿರಡೆಗಳನ್ನೂ ತೋಟದಲ್ಲಿ ಎಸೆಯದೆ ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಿ. ಮುಗಿದಂತೆ ಕಾಣುವ ಬಿರಡೆಯೂ ಸಣ್ಣಗೆ ವಾಸನೆ ಬೀರುತ್ತಲೇ ಇದ್ದು, ಮುಂದಿನ ಬಾರಿ ಕಟ್ಟುವ ಬಲೆಯ ಲೆಕ್ಕವನ್ನು ಕೆಡಿಸಬಲ್ಲದು.